ಅಜ್ಜಿ ಚೊಂಬು ಕೆಳಗಿಟ್ಟ ದಿನ

ಅಂದು ಸೂಲಿಬೆಲೆಯ ನಮ್ಮ ನಡುಮನೆಯಲ್ಲಿ ಇದ್ದದ್ದು ಮೂವರೇ: ಚಾಪೆಯ ಮೇಲೆ ಮಲಗಿದ್ದ ನಾನು, ಪಕ್ಕದಲ್ಲಿ ಅಜ್ಜಿ, ಬಾಗಿಲಿಗೆ ಚಿಲಕ ಹಾಕಿ ಅದಕ್ಕೇ ಒರಗಿ ನಿಂತಿದ್ದ ಅಮ್ಮ. ಎರಡು ತಿಂಗಳಿಂದ ನನ್ನ ಕಿಬ್ಬೊಟ್ಟೆಯ ಬಲಗಡೆ ನೋವು. ನಮ್ಮಲ್ಲಿ ಹೆಣ್ಣುಮಕ್ಕಳ ಹೊಟ್ಟೆನೋವಿಗೆಲ್ಲ ಒಂದೇ ಹೆಸರು, ಹೊಕ್ಕುಳು ಜಾರಿದೆ ಅಂತ. ಹೊಕ್ಕುಳ ಮೇಲೆ ಪುಟ್ಟ ದೀಪ ಇಟ್ಟು ಹಿತ್ತಾಳೆ ಚೊಂಬು ಬೋರಲು ಹಾಕಿದರೆ ಅದು ಚರ್ಮವನ್ನು ಕಚ್ಚಿ ಹಿಡಿದು, ಜಾರಿದ್ದನ್ನು ಜಾಗಕ್ಕೆ ಎಳೆಯುತ್ತದೆ ಅನ್ನುವ ನಂಬಿಕೆ. ಅದರಲ್ಲಿ ಅಜ್ಜಿಯ ಕೈ ಹೆಸರುವಾಸಿ. ಡೇರಿಗೆ ಹಾಲು ಹಾಕಲು ಬಂದವರು ಕ್ಯಾನನ್ನು ಜಗಲಿಯ ಮೇಲಿಟ್ಟು ಚೊಂಬು ಹಾಕಿಸಿಕೊಂಡು ಹೋಗುತ್ತಿದ್ದರು. ನನಗೂ ಎರಡು ಸಲ ಆಗಿತ್ತು. ಇದು ಮೂರನೆಯದು.

ಹರಳೆಣ್ಣೆ ಸವರುತ್ತಿದ್ದ ಅಜ್ಜಿಯ ಬೆರಳು ಬಲಗಡೆಗೆ ಬಂದು ನಿಂತಿತು. ಮತ್ತೆ ಮುಟ್ಟಿ ನೋಡಿದಳು. ಚೊಂಬನ್ನು ಕೆಳಗಿಟ್ಟಳು.

“ಇದು ಹೊಕ್ಕುಳಲ್ಲ ಕಣವ್ವಾ. ಒಳಗೆ ಏನೋ ಮೂಸಂಬಿಯಂಗೆ ಸಿಕ್ತದೆ. ನಾನೇ ತಪ್ ಮಾಡ್ಬಿಟ್ಟೆ. ಆಸ್ಪತ್ರೆಗೆ ಹೋಗಾಣ.”

“ಅತ್ತೆ, ಇವಳನ್ನ ನೋಡೋಕೆ ಗಂಡಿನ ಕಡೆಯೋರು ಬರೋ ಹೊತ್ತು,” ಅಂದಳು ಅಮ್ಮ. “ಮದ್ವೆ ಆಗ್ದಿರೋ ಹುಡ್ಗೀನ ಹೆರಿಗೆ ಡಾಕ್ಟ್ರ ಹತ್ರ ಕರ್ಕೊಂಡೋದ್ರೆ ಊರೋರು ಏನಂತಾರೆ?”

“ಊರೋರು ಬಂದು ಇವಳ ನೋವು ತಿಂತಾರಾ? ಬೆಳಿಗ್ಗೆ ಎದ್ದು ಸೀರೆ ಉಟ್ಕೊ, ಸಾಕು.”

ಮರುದಿನ ಬಸ್ಸಿನಲ್ಲಿ ಹೊಸಕೋಟೆಗೆ ಹೋದೆವು. ಸ್ಕ್ಯಾನಿಂಗಿಗೆ ಮೂತ್ರಕೋಶ ತುಂಬಿರಬೇಕಂತೆ. ಅಜ್ಜಿ ಚೀಲದಿಂದ ಅದೇ ಚೊಂಬನ್ನು ತೆಗೆದು ನೀರು ಕುಡಿಸಿದ್ದೇ ಕುಡಿಸಿದ್ದು.

“ಸಾಕಜ್ಜಿ, ಇನ್ನೊಂದು ಗುಟುಕು ಕುಡಿದ್ರೆ ಇಲ್ಲೇ ಕೆರೆ ಕೋಡಿ ಬೀಳ್ತದೆ!”

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮನೂ ನಕ್ಕಳು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಚೀಟಿಯ ಹಿಂದೆ ಗರ್ಭಕೋಶ, ಅದರ ಎರಡೂ ಬದಿಗೆ ಅಂಡಾಶಯ ಬರೆದು ತೋರಿಸಿದರು. “ಇಲ್ಲಿ ನೀರುಗುಳ್ಳೆ ಆಗೋದು ಸಾಮಾನ್ಯ. ಬಹಳಷ್ಟು ತಾವಾಗೇ ಕರಗಿ ಹೋಗ್ತವೆ. ಇದು ದೊಡ್ಡದು, ಕರಗೋ ಥರ ಕಾಣ್ತಿಲ್ಲ. ತಿರುಚಿಕೊಂಡ್ರೆ ಅಂಡಾಶಯಕ್ಕೆ ರಕ್ತ ನಿಂತುಹೋಗತ್ತೆ. ಬೇಗ ಬಂದಿದ್ದೀರಿ, ಗುಳ್ಳೆ ಮಾತ್ರ ತೆಗೆದು ಅಂಡಾಶಯ ಉಳಿಸೋಕೆ ನೋಡ್ತೀವಿ.”

“ಮುಂದೆ ಮಕ್ಕಳು…” ಅಮ್ಮ ಚೀಟಿಯನ್ನು ತನ್ನತ್ತ ಎಳೆದುಕೊಂಡಳು.

“ಇನ್ನೊಂದು ಕಡೆಯದು ಚೆನ್ನಾಗಿದೆಯಮ್ಮ. ಹೆದರ್ಬೇಡಿ.”

ಅಜ್ಜಿ ಚೊಂಬಿನ ಸಂಗತಿಯನ್ನು ತಾನಾಗಿಯೇ ಒಪ್ಪಿಕೊಂಡಳು. ಡಾಕ್ಟರಮ್ಮ ಬೈಯಲಿಲ್ಲ. “ನಿಮ್ಮ ಕೈಗೆ ಸಿಕ್ಕಿದ್ದೇ ಒಳ್ಳೇದಾಯ್ತಜ್ಜಿ. ಆದ್ರೆ ಇನ್ಮೇಲೆ ಯಾರ ಹೊಟ್ಟೇನೂ ಒತ್ಬೇಡಿ.”

ಮೂರು ಸಣ್ಣ ತೂತುಗಳಲ್ಲೇ ಆಪರೇಷನ್ ಮುಗಿಯಿತು. ಅಂಡಾಶಯ ಉಳಿಯಿತು. ಪರೀಕ್ಷೆಗೆ ಕಳಿಸಿದ ಗುಳ್ಳೆ ಕೆಟ್ಟದ್ದಲ್ಲವೆಂದು ಚೀಟಿ ಬಂತು. ಡಾಕ್ಟರಮ್ಮನನ್ನು ನೆನೆಯದ ದಿನವಿಲ್ಲ. ಆದರೆ ಅದಕ್ಕೂ ಮೊದಲು ನೆನಪಾಗುವುದು, ಊರೆಲ್ಲ ನಂಬಿದ್ದ ಕೈಯನ್ನು ಹಿಂದೆಳೆದುಕೊಂಡು, ಸೊಸೆಯ ಮುಂದೆಯೇ ತಪ್ಪು ಮಾಡಿದೆ ಅಂದ ಅಜ್ಜಿ.

ನನ್ನ ಗಾಯ ಒಣಗುವ ಹೊತ್ತಿಗೆ ಪಕ್ಕದ ಮನೆಯ ಸೊಸೆ ಹೊಟ್ಟೆ ಹಿಡಿದುಕೊಂಡು ಬಂದಳು. ಅಜ್ಜಿ ದೀಪ ಹಚ್ಚಲಿಲ್ಲ. ಚಪ್ಪಲಿ ಮೆಟ್ಟಿ ಅವಳನ್ನು ಹೊಸಕೋಟೆ ಬಸ್ಸು ಹತ್ತಿಸಿದಳು, ತಾನೂ ಹತ್ತಿದಳು. ಸಣ್ಣ ಗುಳ್ಳೆ, ತಾನಾಗೇ ಕರಗುತ್ತದೆ, ಮೂರು ತಿಂಗಳು ಬಿಟ್ಟು ಬನ್ನಿ ಅಂದರಂತೆ ಡಾಕ್ಟರಮ್ಮ. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಮನೆಗೆ ಬಂದರು.