ಸ್ಯಾಕ್ಸೋಫೋನಿಗೆ ಸಂಸೆಯ ವಾಟೆ

ಕಳೆದ ವಾರ ಮಲೆನಾಡಿನ ಸಂಸೆಯಲ್ಲಿ, ನಮ್ಮ ಅಕ್ಕನ ಮನೆಯ ಜಗಲಿಯ ಮೇಲೆ ಕೋಟು ಹಾಕಿಕೊಂಡು ಕೂತ ದೊಡ್ಡ ಮನುಷ್ಯರೊಬ್ಬರು ಬಿದಿರಿನ ಚೂರೊಂದನ್ನು ಚೀಪುತ್ತಿದ್ದರು. ಅಕ್ಕ ಒಳಗಿನಿಂದ ಇಣುಕಿ ನೋಡಿ ನನ್ನನ್ನು ಕರೆದಳು.

"ಅವ್ರಿಗೆ ತಿಂಡಿ ಸಾಕಾಗಲಿಲ್ವೇನೋ?"

ತಿಂಡಿ ಸಾಕಾಗಿತ್ತು. ಸಾಲದೇ ಹೋದದ್ದು ಬೇರೆ.

ಅವರು ಗೋವಿಂದಪ್ಪನವರು. ವಿಶ್ವವಿದ್ಯಾನಿಲಯವೊಂದರ ಸ್ಯಾಕ್ಸೋಫೋನ್ ತಂಡದ ಡೈರೆಕ್ಟರು. (ಯಾವ ವಿಶ್ವವಿದ್ಯಾನಿಲಯ ಎಂದು ಕೇಳಬೇಡಿ. ಇಂಟರ್‌ಮೀಡಿಯೆಟ್‌ನಲ್ಲಿ ಮೂರು ಸಲ ಡುಮ್ಕಿ ಹೊಡೆದ ನನ್ನನ್ನು ನಾಲ್ಕನೇ ಸಲ ಕೂರಿಸಿ ದಾಟಿಸಿದ್ದು ಅದೇ. ಆ ಋಣ ಇದೆ.) ಡೈರೆಕ್ಟರು ಎಂದೆ. ಆಗಿದ್ದರು ಎನ್ನಬೇಕು.

ಸ್ಯಾಕ್ಸೋಫೋನ್ ನೋಡದವರು ಹಿತ್ತಾಳೆಯ ದೊಡ್ಡ ಹುಕ್ಕಾ ಎಂದುಕೊಳ್ಳಿ. ಪ್ಲಾಂಟರುಗಳ ಕ್ಲಬ್ಬಿನಲ್ಲಿ ಕ್ರಿಸ್‌ಮಸ್‌ಗೆ ದೊರೆಗಳು ದೊರೆಸಾನಿಯರ ಸೊಂಟ ಹಿಡಿದು ಕುಣಿಯುವಾಗ ಮೂಲೆಯಲ್ಲಿ ನಿಂತು ಊದುತ್ತಾರಲ್ಲ, ಅದು. ಗೋವಿಂದಪ್ಪನವರ ತಂದೆ ನಾಗಸ್ವರದವರು. ಮಗ ಈ ಕ್ಲಬ್ಬಿನ ವಾದ್ಯವನ್ನು ಹಿಡಿದು ಅದರಲ್ಲಿ ಮೋಹನ, ಹಂಸಧ್ವನಿ ನುಡಿಸಿದರು. ತಾವು ನುಡಿಸಿದ್ದು ಸಾಲದೆಂದು ಬಿ.ಎ., ಬಿ.ಎಸ್ಸಿ. ಓದುವ ಹುಡುಗರಿಗೂ ಕಲಿಸಿದರು. ಹಾಸ್ಟೆಲಿನಲ್ಲಿ ಇಸ್ಪೀಟು ಕುಟ್ಟುತ್ತಿದ್ದವರು ಸಂಜೆಯಾದರೆ ಸಾಲಾಗಿ ನಿಂತು ಊದತೊಡಗಿದರು. ಇದೇನು ಸಣ್ಣ ಕೆಲಸವೇ?

ಆಮೇಲೆ ಯುದ್ಧ ಬಂತು.

ಸ್ಯಾಕ್ಸೋಫೋನಿನ ಮೈಯೆಲ್ಲ ಹಿತ್ತಾಳೆ. ಜೀವ ಮಾತ್ರ ಬಾಯಿಗಿಡುವ ತುದಿಗೆ ಕಟ್ಟುವ ಜೊಂಡಿನ ತೆಳ್ಳನೆಯ ಪಟ್ಟಿಯಲ್ಲಿದೆ. ರೀಡ್ ಅನ್ನುತ್ತಾರೆ. ಊದಿದಾಗ ಅದು ನಡುಗಿದರೆ ನಾದ, ಇಲ್ಲವಾದರೆ ಬರೀ ಉಸಿರು. ಸವೆದಂತೆಲ್ಲ ಹೊಸದು ಹಾಕಬೇಕು. ಆ ಜೊಂಡು ಬೆಳೆಯುವುದು ಫ್ರಾನ್ಸಿನಲ್ಲಿ. ಫ್ರಾನ್ಸು ಜರ್ಮನರ ಕೈಗೆ ಹೋಯಿತು, ಹಡಗು ನಿಂತಿತು. ಎಲ್ಲಿಯ ಬರ್ಲಿನ್ನು, ಎಲ್ಲಿಯ ಹಾಸ್ಟೆಲ್ ಹುಡುಗರ ಹಂಸಧ್ವನಿ? ಆದರೆ ಸಂಸೆಯ ನಮ್ಮ ಭಾವನ ಗೋದಾಮಿನಲ್ಲಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ಸೂರು ಮುಟ್ಟಿ ಕೂತದ್ದಕ್ಕೂ ಅದೇ ಹಡಗು ಕಾರಣ. ನಮ್ಮ ಕಾಫಿ ಅವರ ಬಾಯಿಗೆ ಹೋಗಲಿಲ್ಲ, ಅವರ ಜೊಂಡು ನಮ್ಮ ಬಾಯಿಗೆ ಬರಲಿಲ್ಲ.

ವಿಶ್ವವಿದ್ಯಾನಿಲಯ ಏನೆಂದಿತು? ಘಟಿಕೋತ್ಸವದ ದಿನ ತಂಡ ನುಡಿಸಿದರೆ ಸರಿ. ಇಲ್ಲವಾದರೆ ವಾದ್ಯಗಳು ದಂಡಿನ ಬ್ಯಾಂಡಿಗೆ, ತಂಡಕ್ಕೆ ಬೀಗ. (ದಂಡಿಗೆ ರೀಡು ಹೇಗೋ ಬರುತ್ತದಂತೆ. ದಂಡಿಗೆ ಏನು ತಾನೇ ಬರುವುದಿಲ್ಲ?)

ಹೋದ ವರ್ಷ ನವರಾತ್ರಿಗೆ ಮುಂಚೆ ಗೋವಿಂದಪ್ಪನವರು ಮೂಡಿಗೆರೆಯ ನಮ್ಮ ಮನೆ ಹುಡುಕಿಕೊಂಡು ಬಂದರು. ಹಿಂದೆ ಅವರ ಹುಡುಗರು, ಒಬ್ಬೊಬ್ಬನ ಕೈಯಲ್ಲೂ ಒಂದು ಕರಿ ಪೆಟ್ಟಿಗೆ.

"ನಿಮ್ಮ ಅಂಕಣದಲ್ಲಿ ಸಂಸೆ ಕಡೆ ವಾಟೆ ಬಗ್ಗೆ ಬರ್ದಿದ್ರಲ್ಲ ಸ್ವಾಮಿ. ಅದರ ಪೀಪಿ ಊದಿದ್ರೆ ಗುಡ್ಡದಾಚೆಗೂ ಕೇಳುತ್ತೆ ಅಂತ. ಆ ವಾಟೆ ನನಗೆ ತೋರ್ಸಿ."

ಈ ಅಂಕಣವನ್ನು ನಂಬಿ ಓದುವವರೂ ಇದ್ದಾರೆಂದು ಗೊತ್ತಾಗಿ ನನಗೆ ಎದೆ ಧಸಕ್ಕೆಂದಿತು.

ವಾಟೆ ಅಂದರೆ ತೆಳು ಮೈಯ ಸಣ್ಣ ಬಿದಿರು. ನಮ್ಮವರು ಬುಟ್ಟಿ ಹೆಣೆಯುತ್ತಾರೆ, ಬೇಲಿ ಕಟ್ಟುತ್ತಾರೆ. ಅದನ್ನು ಹುಡುಕಿಕೊಂಡು ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡಿಸುವ ಬಸ್ಸಿನಲ್ಲಿ ಹೊರಟೆವು. ಕೊಟ್ಟಿಗೆಹಾರ ದಾಟಿದ ಮೇಲೆ ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ಡೈರೆಕ್ಟರು ಮಾತ್ರ ಪೆಟ್ಟಿಗೆಗಳನ್ನು ತಬ್ಬಿಕೊಂಡು ಒಳಗೇ ಕೂತಿದ್ದರು. "ನೀವೂ ಇಳೀರಿ ಮಾರಾಯ್ರೆ" ಎಂದ ಕಂಡಕ್ಟರ್. "ನಾನು ಇಳಿದ್ರೆ ಇವನ್ನ ಯಾರು ಹಿಡ್ಕೋತಾರೆ?" ಎಂದರು. ಕಂಡಕ್ಟರ್ ತಾನೇ ಬಂದು ಹೆಗಲು ಕೊಟ್ಟ.

ಭಾವ ವಾಟೆ ಕಡಿಸಿಕೊಟ್ಟರು. ಕೊಡುವಾಗಲೇ ಹೇಳಿದರು. "ಇದನ್ನ ಒಲೆ ಮೇಲಿನ ಅಟ್ಟಕ್ಕೆ ಹಾಕ್ಬೇಕು. ಒಂದು ವರ್ಷ ಹೊಗೆ ಕುಡೀಲಿ. ಹಸಿ ವಾಟೆ ಇಲ್ಲಿ ಥಂಡಿಗೆ ಸುಮ್ನಿರ್ತದೆ. ಬಯಲುಸೀಮೆ ಗಾಳಿ ತಾಗಿದ್ರೆ ಸೀಳಿ ಹೋಗ್ತದೆ ಮಾರಾಯ್ರೆ."

"ಗೊತ್ತು ಸ್ವಾಮಿ" ಎಂದರು ಗೋವಿಂದಪ್ಪನವರು. "ನಮ್ಮಪ್ಪನೂ ನಾಗಸ್ವರದ ಪೀಪಿಗೆ ವರ್ಷಗಟ್ಲೆ ಒಣಗಿಸಿದ ಹುಲ್ಲೇ ಬೇಕು ಅಂತಿದ್ರು. ಆದ್ರೆ ಘಟಿಕೋತ್ಸವ ಬರೋ ತಿಂಗಳು. ನಾನೇನು ಮಾಡ್ಲಿ?"

ಅರ್ಧ ವಾಟೆ ಅಟ್ಟಕ್ಕೆ ಹೋಯಿತು. ಇನ್ನರ್ಧವನ್ನು ಡೈರೆಕ್ಟರು ಸೀಳಿ, ಚಾಕುವಿನಿಂದ ಕೆತ್ತಿ, ಗಾಜಿನ ಚೂರಿನಿಂದ ನಯವಾಗಿ ಹೆರೆದರು.

ಮಾರನೆಯ ದಿನ ಹುಡುಗರು ಕಾಫಿ ಕಣದಲ್ಲಿ ಸಾಲಾಗಿ ನಿಂತರು. ಮೊದಲು ಬಾತುಕೋಳಿ ಕೂಗಿದಂತಾಯಿತು. ಡೈರೆಕ್ಟರು ಒಂದಿಷ್ಟು ಹೆರೆದು ಕೊಟ್ಟರು. ಮತ್ತೆ ಊದಿದರು. ಹಂಸಧ್ವನಿ!

ನನಗೆ ಸಂಗೀತ ಗೊತ್ತಿಲ್ಲ. ಆದರೂ ಮೈ ಜುಮ್ಮೆಂದಿತು. ತೋಟದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕತ್ತಿ ಹಿಡಿದುಕೊಂಡೇ ಬಂದು ನಿಂತರು. ಮೇಸ್ತ್ರಿ ಗದರಲಿಲ್ಲ, ಅವನೂ ನಿಂತಿದ್ದ. ಸುಬ್ಬಿ ಎಂಬ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು. "ಎಮ್ಮೆ ಕೂಗಿದ ಹಾಗೆ ಉಂಟು. ಮತ್ತೆ ಕಣ್ಣಲ್ಲಿ ನೀರು ಎಂತಕ್ಕೆ ಬರ್ತದೆ?"

ಡೈರೆಕ್ಟರು ನಕ್ಕರು. ನಾನು ಅವರ ನಗು ಕಂಡದ್ದು ಅದೊಂದೇ ಸಲ. "ಫ್ರಾನ್ಸೂ ಬೇಡ ಗೀನ್ಸೂ ಬೇಡ ಸ್ವಾಮಿ. ಸಂಸೆ ಸಾಕು!"

ಇಲ್ಲಿಗೇ ಅಂಕಣ ಮುಗಿಸಬಹುದಿತ್ತು. ನಿಮಗೂ ಹಿತ, ನನಗೂ ಹಿತ. ಆದರೆ ನಾನು ಘಟಿಕೋತ್ಸವಕ್ಕೂ ಹೋಗಿದ್ದೆ.

ಬಯಲುಸೀಮೆಯ ಬಿಸಿಲು. ದೊಡ್ಡ ಚಪ್ಪರ, ಕರಿ ಗೌನುಗಳು. ರೀಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಣಂತಿ ಮಗುವನ್ನು ತರುವ ಹಾಗೆ ತಂದಿದ್ದರು. ಮುಖ್ಯ ಅತಿಥಿಗಳು ಬಂದ ಕೂಡಲೇ ನುಡಿಸಬೇಕು. ಅತಿಥಿಗಳು ಈಗ ಬಂದರು, ಆಗ ಬಂದರು ಎಂದು ಹುಡುಗರು ರೀಡು ಕಟ್ಟಿಕೊಂಡು ಬಿಸಿಲಿನಲ್ಲಿ ನಿಂತೇ ಇದ್ದರು. (ದೊಡ್ಡವರು ಹೊತ್ತಿಗೆ ಸರಿಯಾಗಿ ಬಂದರೆ ದೊಡ್ಡವರು ಹೇಗಾಗುತ್ತಾರೆ?) ಕೊನೆಗೂ ಕಾರು ಬಂತು. ಗೋವಿಂದಪ್ಪನವರು ಕೈ ಎತ್ತಿದರು.

ಒಂದು ಸ್ಯಾಕ್ಸೋಫೋನು ಕೀಚ್ ಎಂದಿತು. ಇನ್ನೊಂದು ಬುಸ್ಸೆಂದಿತು. ಉಳಿದವು ಅಷ್ಟನ್ನೂ ಅನ್ನಲಿಲ್ಲ. ಭಾವ ಹೇಳಿದಂತೆಯೇ ವಾಟೆ ಸೀಳಿತ್ತು.

ಸಭೆ ನಕ್ಕಿತು. ಗೌನು ಹಾಕಿಕೊಂಡವರು ಹೆಚ್ಚು ನಕ್ಕರು. ಹುಡುಗರು ಕೆನ್ನೆ ಉಬ್ಬಿಸಿ ಊದುತ್ತಲೇ ಇದ್ದರು, ಏಕೆಂದರೆ ಡೈರೆಕ್ಟರ ಕೈ ಇನ್ನೂ ಮೇಲೇ ಇತ್ತು. ಅದನ್ನು ಇಳಿಸಬೇಕೆಂದು ಅವರಿಗೆ ತೋಚಲೇ ಇಲ್ಲ. ನಾನು ತಲೆ ತಗ್ಗಿಸಿದೆ. ಇಂಥ ಸಂಕಟ ಶತ್ರುವಿಗೂ ಬೇಡ.

ಆಮೇಲೆ ಗೋವಿಂದಪ್ಪನವರು ವಿಶ್ವವಿದ್ಯಾನಿಲಯದ ದೊಡ್ಡವರ ಮುಂದೆ ನಿಂತು ಬೇಡಿಕೊಂಡರಂತೆ. ಅಟ್ಟದ ಮೇಲೆ ಒಳ್ಳೆಯ ವಾಟೆ ಒಣಗುತ್ತಿದೆ, ಒಂದು ವರ್ಷ ಕೊಡಿ ಎಂದು. "ಇದು ವಿಶ್ವವಿದ್ಯಾನಿಲಯ ಕಣ್ರೀ, ಬುಟ್ಟಿ ಹೆಣೆಯೋ ಜಾಗ ಅಲ್ಲ" ಎಂದರಂತೆ ಆ ದೊಡ್ಡವರು.

ದಂಡಿನ ಲಾರಿ ಬಂದು ಕರಿ ಪೆಟ್ಟಿಗೆಗಳನ್ನು ತುಂಬಿಕೊಂಡು ಹೋಯಿತು. ಹುಡುಗರು ಮತ್ತೆ ಇಸ್ಪೀಟಿಗೆ ಕೂತರು. ಒಬ್ಬ ಮಾತ್ರ ತನ್ನ ವಾದ್ಯ ಬಿಡಲಾರದೆ ಅದರ ಹಿಂದೆಯೇ ಹೋಗಿ ದಂಡಿಗೆ ಸೇರಿದ. ಅವನ ಕೈಗೆ ಬಂದೂಕು ಕೊಟ್ಟರು.

ಈಗ ವರ್ಷ ತುಂಬಿತು. ಗೋವಿಂದಪ್ಪನವರು ಒಬ್ಬರೇ ಬಂದರು. ನಾನೇ ಸಂಸೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವರಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಏರಿನಲ್ಲಿ ಇಳಿದು ನಮ್ಮ ಜೊತೆ ತಳ್ಳಿದರು.

ಅಕ್ಕ ಅಟ್ಟದಿಂದ ವಾಟೆ ಇಳಿಸಿಕೊಟ್ಟಳು. ಮಸಿ ಒರೆಸಿ ಸೀಳಿದರೆ ಒಳಗೆ ಜೇನಿನ ಬಣ್ಣ. ಒಂದು ರೀಡು ಹೆರೆದರು. ಜಗಲಿಯ ಮೇಲೆ ಕೂತು ಅದನ್ನೇ ಬಾಯಲ್ಲಿ ನೆನೆಸುತ್ತಿದ್ದರು, ಅಕ್ಕ ನೋಡಿದ್ದು ಅದನ್ನು. ಹೊರಗೆ ತೆಗೆದು ಹೆಬ್ಬೆರಳಿನಿಂದ ಬಗ್ಗಿಸಿ ನೋಡಿದರು. ಬೆಳಕಿಗೆ ಹಿಡಿದರು.

"ಹೇಗಿದೆ?" ಎಂದೆ.

"ಫ್ರಾನ್ಸಿನದಕ್ಕಿಂತ ಚೆನ್ನಾಗಿದೆ."

ಭಾವ ತಡೆಯಲಾರದೆ, "ಹಲ್ಲಿದ್ದಾಗ ಕಡ್ಲೆ ಇಲ್ಲ..." ಎಂದು ಶುರುಮಾಡಿದವರು ಅಕ್ಕನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಮಾತು ತಿರುಗಿಸಲು, "ಈಗ ಎಂತ ಕೆಲಸ ನಿಮ್ದು?" ಎಂದರು.

"ಲೈಬ್ರರಿಗೆ ಹಾಕಿದ್ದಾರೆ ಸ್ವಾಮಿ. ಪುಸ್ತಕಕ್ಕೆ ನಂಬರು ಅಂಟಿಸ್ತೀನಿ. ಅಲ್ಲಿ ಸದ್ದು ಮಾಡೋ ಹಾಗಿಲ್ಲ."

ಉಳಿದ ವಾಟೆಯನ್ನು ಏನು ಮಾಡಲಿ ಎಂದು ಅಕ್ಕ ಕೇಳಿದಳು.

"ಬುಟ್ಟಿ ಹೆಣೀರಿ ತಾಯಿ" ಎಂದು ಎದ್ದುಬಿಟ್ಟರು.

ಪಾಪ, ಅವರಿಗೆ ಅದೊಂದು ಗೊತ್ತಿರಲಿಲ್ಲ. ಬುಟ್ಟಿಗೆ ಹಸಿ ವಾಟೆಯೇ ಬೇಕು, ಅಟ್ಟದಲ್ಲಿ ಒಣಗಿದ್ದು ಬಗ್ಗುವುದಿಲ್ಲ. ಅಕ್ಕ ಅದನ್ನು ಹೇಳಲಿಲ್ಲ. ಸಂಜೆ ಅದು ನೀರೊಲೆಗೆ ಹೋಯಿತು. ಚೆನ್ನಾಗಿ ಉರಿಯಿತು.

ನನ್ನಂಥ ದಡ್ಡನನ್ನು ನಾಲ್ಕು ಸಲ ಪರೀಕ್ಷೆಗೆ ಕೂರಿಸಿದ ವಿಶ್ವವಿದ್ಯಾನಿಲಯಕ್ಕೆ ಇವರನ್ನು ಎರಡನೇ ಸಲ ಕೂರಿಸಲು ಏನಾಗಿತ್ತು?