ಮಾವ ಕೊಟ್ಟ ಮಾತು, ತಂಗಿ ಕೇಳಿದ ಪ್ರಶ್ನೆ

೧೯೮೪ರ ಬೇಸಗೆ ರಜೆಯ ಕೊನೆ. ಆಗ ನಾನು ಮಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಬೋಳಾರದ ಬಾಡಿಗೆ ಮನೆಯಲ್ಲಿ ಅಮ್ಮ, ನಾನು, ತಂಗಿ ಸುಮತಿ ಮೂವರೇ ಇದ್ದೆವು. ಆಗಷ್ಟೇ ಪಿಯುಸಿ ಮುಗಿಸಿದ್ದ ಸುಮತಿಗೆ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ಮೆಡಿಕಲ್ ರೆಕಾರ್ಡ್ಸ್ ಕೋರ್ಸ್ ಕಲಿಯಬೇಕಿತ್ತು.

ಈ ಆಸೆಗೆ ಕಾರಣವಿತ್ತು. ಹಿಂದಿನ ವರ್ಷ ಅಮ್ಮ ಜ್ವರದಿಂದ ಆಸ್ಪತ್ರೆ ಸೇರಿದಾಗ ಅವರ ಹಳೆಯ ಕಾಗದಪತ್ರ ಯಾರಿಗೂ ಸಿಗಲಿಲ್ಲ. ಮೈಗೆ ಒಗ್ಗದ ಇಂಜೆಕ್ಷನ್ನನ್ನೇ ಮತ್ತೆ ಕೊಟ್ಟರು. ಮುಖ ಬಾತು, ಉಸಿರು ಸಿಕ್ಕಿಕೊಂಡು, ಅಮ್ಮ ಹೇಗೋ ಉಳಿದರು. ಅಷ್ಟು ಹೊತ್ತೂ ಅವರ ಕೈ ಹಿಡಿದುಕೊಂಡು ಕುಳಿತಿದ್ದವಳು ಸುಮತಿ.

ನಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆ. ದೊಡ್ಡ ವಿಷಯಗಳಲ್ಲಿ ಸೋದರಮಾವನ ಮಾತೇ ಕೊನೆಯದು. ಪಣಂಬೂರಿನ ಬಂದರಿನಲ್ಲಿ ಕೆಲಸದಲ್ಲಿದ್ದ ಮಾವ ಒಂದು ಭಾನುವಾರ ಖುಷಿಯಿಂದ ಬಂದರು. ಕೊಟ್ಟಾರದಲ್ಲಿ ಇದೇ ಕೋರ್ಸಿನ ಹೊಸ ಸಂಸ್ಥೆ ಶುರುವಾಗಿದೆ, ನಡೆಸುವವರು ತಮ್ಮ ಸ್ನೇಹಿತನ ಅಳಿಯ, ಸುಮತಿಗೆ ಸೀಟು ಇಟ್ಟಿರಲು ಹೇಳಿ ಮಾತು ಕೊಟ್ಟಾಗಿದೆ ಎಂದರು. ಅಮ್ಮ ಕೇಳಿದ್ದು, ಅವರದ್ದು ಯಾವ ಮನೆ, ಹೆಣ್ಣು ತಂದದ್ದು ಎಲ್ಲಿಂದ ಎಂದು. ಉತ್ತರ ಕೇಳಿ ಅಮ್ಮನಿಗೆ ಸಮಾಧಾನವಾಯಿತು. ನಮ್ಮ ಕಡೆ ಹಾಗೆ. ಮನೆತನ ಸರಿ ಇದ್ದರೆ ಉಳಿದದ್ದೂ ಸರಿ ಎಂದೇ ಲೆಕ್ಕ.

ಮಾವ ಹೋದ ಮೇಲೆ ಸುಮತಿ ನನ್ನ ಬಳಿ ಬಂದಳು.

"ಅಣ್ಣ, ಆ ಕೋರ್ಸಿನ ಜಾಹೀರಾತು ನಿಮ್ಮ ಪೇಪರಿನಲ್ಲೇ ಬಂದಿತ್ತಲ್ಲ. ಅದೆಲ್ಲ ಹೌದಾ?"

ಜಾಹೀರಾತನ್ನು ನಾವು ಪರಿಶೀಲಿಸುವುದಿಲ್ಲ, ಸುದ್ದಿಯನ್ನು ಮಾತ್ರ ಎಂದೆ.

"ಸುದ್ದಿಗೆ ಎಂತ ಮಾಡ್ತೀರಿ?"

"ಕಡಿಮೆಯೆಂದರೆ ಇಬ್ಬರನ್ನು ಕೇಳ್ತೇವೆ."

"ಹಾಗಾದರೆ ಕೇಳುವ."

ಮರುದಿನ ಇಬ್ಬರೂ ಕೊಟ್ಟಾರಕ್ಕೆ ಹೋದೆವು. ಮಹಡಿಯ ಮೇಲೆ ಎರಡು ಕೋಣೆ, ಟೈಪ್‌ರೈಟರುಗಳು, ಗೋಡೆಯಲ್ಲಿ ಅಸ್ಥಿಪಂಜರದ ಚಿತ್ರ. ಸಂಸ್ಥೆ ನಡೆಸುತ್ತಿದ್ದ ಪ್ರಿನ್ಸಿಪಾಲರು ಸಜ್ಜನರು, ಚಹಾ ತರಿಸಿದರು. ಪರೀಕ್ಷೆ ನಡೆಸುವುದು ಯಾರು, ತರಬೇತಿ ಯಾವ ಆಸ್ಪತ್ರೆಯಲ್ಲಿ ಎಂದು ಸುಮತಿ ಕೇಳಿದಳು. ಪರೀಕ್ಷೆ ನಾವೇ ಮಾಡುತ್ತೇವೆ, ಆಸ್ಪತ್ರೆಯೊಂದರ ಜೊತೆ ಮಾತಾಡಬೇಕಷ್ಟೆ, ಮಾನ್ಯತೆಗೆ ಅರ್ಜಿ ಹೋಗಿದೆ ಎಂದರು. ಕೊನೆಗೆ ನಗುತ್ತಾ ನನ್ನ ಕಡೆ ತಿರುಗಿ, "ನಿಮ್ಮ ಮಾವ ಎಲ್ಲ ಮಾತಾಡಿ ಆಗಿದೆಯಲ್ಲ, ಇನ್ನೆಂತ ಉಂಟು?" ಎಂದರು.

ಅಲ್ಲಿಂದ ನೇರ ನಗರದ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ದಾಖಲೆ ವಿಭಾಗದ ಮುಖ್ಯಸ್ಥೆ ಮಿಸೆಸ್ ಪಿಂಟೊ. ಕಾಯಿಲೆಗಳಿಗೆ ಸಂಕೇತಸಂಖ್ಯೆ ಹಾಕುವುದರಿಂದ ಹಿಡಿದು ಕೆಲಸವೆಲ್ಲ ಏನೆಂದು ಅವರು ವಿವರಿಸಿದರು. ಕೊಟ್ಟಾರದಲ್ಲಿ ಕಲಿತವರನ್ನು ಇಲ್ಲಿ ತೆಗೆದುಕೊಳ್ಳುತ್ತೀರಾ ಎಂದು ಸುಮತಿ ಕೇಳಿದಳು.

"ಟೈಪಿಂಗಿಗೆ ತೆಗೆದುಕೊಂಡೇನು. ಈ ಕೋಣೆಗೆ ಇಲ್ಲ ಮಗಾ."

ವಿಶ್ವವಿದ್ಯಾಲಯದ ಮಾನ್ಯತೆಯಿರುವ ಕೋರ್ಸ್ ಬೇರೆ ಊರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿದೆ, ಆದರೆ ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಬರೆಯಬೇಕು, ಸಿಗುತ್ತದೆಂದು ಹೇಳಲಾಗದು ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಸುಮತಿ ತೀರ್ಮಾನಿಸಿಯಾಗಿತ್ತು.

ಮುಂದಿನ ಭಾನುವಾರ ಮಾವನಿಗೆ ಅವಳೇ ಹೇಳಿದಳು. ಮಾವ ಸಿಟ್ಟಿನಿಂದ ಕೂಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

"ನಾನು ಮಾತು ಕೊಟ್ಟಾಗಿದೆ ಮಾರಾಯ್ತಿ. ಇನ್ನು ಅವರ ಎದುರು ಹೇಗೆ ನಿಲ್ಲುವುದು?"

"ಮಾವ, ಮಾತು ನಿಮ್ಮದು. ಆದರೆ ಹಾಳಾಗಿ ಹೋಗುವ ವರ್ಷ ನನ್ನದು."

"ಆ ಸೀಟು ಸಿಗದಿದ್ದರೆ?"

"ಮುಂದಿನ ವರ್ಷ ಪುನಃ ಬರೆಯುತ್ತೇನೆ."

ಮಾವ ಊಟಕ್ಕೆ ಕೂರದೆ ಎದ್ದು ಹೋದರು. ಸೋದರಮಾವ ಉಣ್ಣದೆ ಹೊಸ್ತಿಲು ದಾಟುವುದೆಂದರೆ ನಮ್ಮ ಮನೆಗಳಲ್ಲಿ ಸಣ್ಣ ಸಂಗತಿಯಲ್ಲ. ಅಮ್ಮ ಅತ್ತರು. ಸುಮತಿ ಪುಸ್ತಕ ಹಿಡಿದು ಕೂತಳು.

ಆ ವರ್ಷ ಅವಳಿಗೆ ಸೀಟು ಸಿಗಲಿಲ್ಲ. ಬಂಧುಗಳ ಮದುವೆಗಳಲ್ಲಿ ಕುಹಕ ಶುರುವಾಯಿತು. ಒಬ್ಬರು, "ಎಂತ ಸುಮತಿ, ಡಾಕ್ಟರುಗಳೆಲ್ಲ ನಿನ್ನನ್ನು ಕಾಯ್ತಾ ಇದ್ದಾರಂತೆ?" ಎಂದು ಎಲ್ಲರ ಎದುರು ಕೇಳಿದರು. ಒಬ್ಬ ಹುಡುಗನ ಮದುವೆ ಪ್ರಸ್ತಾಪವೂ ಬಂತು. ಅವಳು ಯಾವುದಕ್ಕೂ ಜಗ್ಗಲಿಲ್ಲ. ವಾರಕ್ಕೊಮ್ಮೆ ಮಿಸೆಸ್ ಪಿಂಟೊ ಅವರಲ್ಲಿ ಹೋಗಿ ಕೆಲಸ ನೋಡಿ ಬರುತ್ತಿದ್ದಳು. ಮಾವ ನಮ್ಮ ಮನೆಯ ಕಡೆ ಬರಲಿಲ್ಲ.

ಮರುವರ್ಷ ಸೀಟು ಸಿಕ್ಕಿತು. ಅವಳು ಹೊರಡುವ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಮಾವ ನಿಂತಿದ್ದರು. ಯಾರು ತಿಳಿಸಿದರೋ ಗೊತ್ತಿಲ್ಲ. ನನ್ನ ಕೈಯಿಂದ ಟ್ರಂಕು ತೆಗೆದುಕೊಂಡು ತಾವೇ ಬಸ್ಸಿಗೆ ಏರಿಸಿದರು. ಆಮೇಲೆ ಕಿಟಕಿಯ ಕೆಳಗೆ ನಿಂತು ಸುಮತಿಗೆ ಹೇಳಿದರು:

"ನಿನ್ನೆ ಕೊಟ್ಟಾರಕ್ಕೆ ಹೋಗಿದ್ದೆ. ಮಾನ್ಯತೆ ಇನ್ನೂ ಬಂದಿಲ್ಲವಂತೆ. ನಾನು ಆ ಮಾತು ಕೊಡಬಾರದಿತ್ತು, ವಾಪಸ್ ತೆಗೆದುಕೊಂಡೆ ಅಂತ ಅವರ ಮುಖಕ್ಕೇ ಹೇಳಿ ಬಂದೆ."

ಸುಮತಿ ಕಿಟಕಿಯಿಂದ ಕೈ ಚಾಚಿ ಅವರ ಕೈ ಹಿಡಿದುಕೊಂಡಳು. ಬಸ್ ಹೊರಡುವವರೆಗೂ ಬಿಡಲಿಲ್ಲ.

ಸುಮತಿ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದಳು. ಪ್ರಶ್ನೆ ಕೇಳುವುದೇ ನನ್ನ ವೃತ್ತಿ, ಅದಕ್ಕೆ ಸಂಬಳವಿದೆ. ತನ್ನವರಿಗೇ ಪ್ರಶ್ನೆ ಹಾಕಿ, ಉತ್ತರ ಒಪ್ಪದೆ, ಒಂದು ವರ್ಷ ಕುಹಕ ನುಂಗಿ ಕಾಯುವ ಧೈರ್ಯ ನನಗಿತ್ತೇ ಎಂದು ಇಂದಿಗೂ ಹೇಳಲಾರೆ. ಮಾವನಿಗೆ ಆ ದಿನ ಕೊಟ್ಟಾರದ ಮಹಡಿ ಹತ್ತಲು ಎಷ್ಟು ಧೈರ್ಯ ಬೇಕಾಯಿತೋ, ಅದನ್ನೂ ಅಳೆಯಲಾರೆ.