ಕೀನ್ಯಾದಲ್ಲಿ ಮುದ್ದೆ ನುಂಗಿದ ಆಂಟಿ

ದೇವನಹಳ್ಳಿಯ ನಮ್ಮ ಚರ್ಚಿನಲ್ಲಿ ಅಡುಗೆ ಮಾಡುತ್ತಿದ್ದ ಆಂಟಿ, ಕರೆಂಟು ಬಂದರೂ ಹೋದರೂ ಕೈಯೆತ್ತಿ "ಸ್ತೋತ್ರ ಕಣಪ್ಪಾ!" ಎನ್ನುತ್ತಿದ್ದರು. ಬಡವರಿಗೆ ಊಟ ಬಡಿಸುವ ಸೇವೆಗೆಂದು ನಮ್ಮ ತಂಡ ಕೀನ್ಯಾಕ್ಕೆ ಹೊರಟಾಗ ಅವರೂ ಬಂದರು.

ಅಲ್ಲಿ ಹಳ್ಳಿಯ ಅಜ್ಜಿಯೊಬ್ಬರು ನಮ್ಮನ್ನೇ ಕೂರಿಸಿ, ಮೆಕ್ಕೆಜೋಳದ ಹಿಟ್ಟಿನ ಬಿಸಿ ಉಂಡೆ ಬಡಿಸಿದರು. "ಅಯ್ಯೋ, ಮುದ್ದೆ ಕಣ್ರೋ!" ಎಂದು ಆಂಟಿ ಕುಣಿದೇಬಿಟ್ಟರು. ನಮ್ಮೂರ ಪದ್ಧತಿಯಂತೆ ಅಗಿಯದೆ ಗುಳುಂ ಗುಳುಂ ನುಂಗತೊಡಗಿದರು. ಗಾಬರಿಯಾದ ಅಜ್ಜಿ ತಮ್ಮ ಪಾಲಿನ ಉಂಡೆಯನ್ನೂ ಅವರ ತಟ್ಟೆಗೆ ಹಾಕಿ, ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಅಲ್ಲಿನ ಪಾಸ್ಟರು ನಗು ತಡೆದುಕೊಂಡು ಅರ್ಥ ಹೇಳಿದರು: "ಕರ್ತನೇ, ಅಗಿಯಲೂ ತಾಳ್ಮೆಯಿಲ್ಲದಷ್ಟು ಹಸಿದ ಈ ಬಡವರನ್ನು ನನ್ನ ಮನೆಗೇ ಕಳಿಸಿದ್ದಕ್ಕೆ ವಂದನೆ."

ನುಂಗುವುದು ನಮ್ಮ ಪದ್ಧತಿಯೆಂದು ಅಜ್ಜಿಗೆ ನಿಜ ಹೇಳಿಬಿಡಲೇ ಎಂದು ಆಂಟಿಯನ್ನು ಕೇಳಿದೆ.

"ಸುಮ್ನಿರಪ್ಪಾ, ಆಯಮ್ಮ ಎಷ್ಟು ಖುಷಿಯಾಗವ್ರೆ ನೋಡು! ಸ್ತೋತ್ರ ಕಣಪ್ಪಾ!" ಎಂದು ಅಜ್ಜಿಯ ಪಾಲಿನ ಉಂಡೆಯನ್ನೂ ಅಗಿಯದೆ ನುಂಗಿದರು.